ಕೀಲಿ ಹಾಕಿದ ಮನೆಯೊಳಗೆ

ಅಕ್ಕ ತೀರಿಕೊಂಡದ್ದು ಸವಣೂರಿನ ಬಾಡಿಗೆ ಮನೆಯಲ್ಲಿ, ಒಂದು ಸಂಜೆ. ಮಣ್ಣು ಮಾಡಿ ಬಂದ ಮರುದಿನ ಅಯ್ಯನವರು ಪಂಚಾಂಗ ತೆರೆದು, ಜೀವ ಹೋದಾಗ ಎಷ್ಟು ಗಂಟೆಯಾಗಿತ್ತು ಎಂದು ಕೇಳಿದರು. ಗೋಡೆಯ ಗಡಿಯಾರದಲ್ಲಿ ನೋಡಿದ್ದನ್ನೇ ಹೇಳಿದೆ: ಆರು ಹೊಡೆದು ಹತ್ತು ನಿಮಿಷ.

"ನಕ್ಷತ್ರ ಚಲೋ ಇಲ್ಲವಾ. ಸರಿಯಾಗಿ ಆರು ಗಂಟೆಕ್ಕ ಹಿಡಿದೈತಿ. ಮೂರು ತಿಂಗಳ ಮನಿ ಬಿಡಬೇಕು."

ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಗೆ ಕೀಲಿ ಹಾಕಿ ಹೊರಗಿರುವುದು ನಮ್ಮ ಕಡೆಯ ಪದ್ಧತಿ. ಉಳಿದವರು ಅಣ್ಣತಮ್ಮಂದಿರ ಮನೆಗೆ ಹೋಗುತ್ತಾರೆ. ನನಗೆ ಇದ್ದವಳು ಅಕ್ಕ ಒಬ್ಬಳೇ.

ನಮ್ಮದೊಂದು ಜಾಗ ಇತ್ತು. ಊರ ಹೊರಗಿನ ಎಲೆತೋಟ ಕಿತ್ತು, ತುಂಡು ಮಾಡಿ, ಬಾಂಡ್ ಪೇಪರಿನ ಮೇಲೆ ಮಾರಿದ್ದರಲ್ಲಿ ಅಕ್ಕ ಒಂದನ್ನು ಕೊಂಡಿದ್ದಳು. ಮನೆ ಕಟ್ಟಲು ಪರವಾನಿಗೆ ಕೇಳಲು ಹೋದಾಗ ಕಚೇರಿಯ ಗುಮಾಸ್ತ ನಕಾಶೆ ತೋರಿಸಿ, "ಇದು ಹಸಿರು ಪಟ್ಟಿಯೊಳಗ ಬರ್ತೇತ್ರಿ. ಎನ್.ಎ. ಆಗಿಲ್ಲ. ಕಾಗದದಾಗ ಇನ್ನೂ ತೋಟಾನ ಐತಿ. ಎಲಿಬಳ್ಳಿ ಹಚ್ಚಾಕ ಅಡ್ಡಿ ಇಲ್ಲ ನೋಡ್ರಿ" ಅಂದಿದ್ದ.

"ಹಂಗಾರ ಬಳ್ಳಿ ಮ್ಯಾಲ ಮಲಗ್ತೇವಿ ತಗೋರಿ" ಎಂದು ಅಕ್ಕ ಎದ್ದು ಬಂದಿದ್ದಳು.

ಅಕ್ಕನ ದಿನಕರ್ಮ ಮುಗಿಸಿ, ಕೀಲಿ ಹಾಕುವ ಮೊದಲು ಬೇರೆ ಮನೆ ಹುಡುಕಿದೆ. ಸವಣೂರಿನಲ್ಲಿ ಸಿಗಲಿಲ್ಲ. ಶಿಗ್ಗಾವಿಗೆ ಹೋದೆ, ಒಂದು ಭಾನುವಾರ ಹಾನಗಲ್ಲಿಗೂ ಹೋದೆ. ಎಲ್ಲಾ ಕಡೆ ಊರ ಸುತ್ತ ಕಲ್ಲು ನೆಟ್ಟ ಜಾಗಗಳು; ಮನೆಗಳಿಲ್ಲ. ಇದ್ದ ಒಂದೆರಡು ಮನೆಯವರು "ಒಬ್ಬಾಕೇನ?" ಎಂದು ಕೇಳಿ ಒಳಗೆ ಹೋದರು. ಶಿಗ್ಗಾವಿಯ ದಲ್ಲಾಳಿ ನಕ್ಕ. "ಖಾಲಿ ಮನಿ ಇದ್ದಿದ್ರ ನಾನ ಅತ್ತಿ ಮನ್ಯಾಗ ಯಾಕ ಬೀಳ್ತಿದ್ನೆವಾ?"

ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಹೊಲಿಗೆ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಇಪ್ಪತ್ತು ನಿಮಿಷ ಮೊದಲೇ ಬಂದುಬಿಟ್ಟಿದ್ದೆ. ಅಂದು ಗೋಡೆಯ ಗಡಿಯಾರ ನೋಡಿ ಹೊರಟಿದ್ದೆ; ಇಷ್ಟು ವರ್ಷ ಹಾಗೆ ಹೊರಟವಳಲ್ಲ. ಅಕ್ಕ "ಹೊತ್ತಾತು ನಡಿ" ಅಂದಾಗ ಹೊರಡುತ್ತಿದ್ದೆ. ಖಾರಾ ಕರಿಯುವ ಅಂಗಡಿಯ ತನ್ನ ಕೆಲಸಕ್ಕೆ ತಡವಾಗಬಾರದೆಂದು ಅವಳು ಆ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದಿಟ್ಟಿದ್ದಳು. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತಾಗ ಅದು ಹೊಳೆಯಿತು. ಅವಳು ಹೋಗಿದ್ದು ಆರಕ್ಕೆ ಮೊದಲೇ. ಆ ನಕ್ಷತ್ರ ಇನ್ನೂ ಹಿಡಿದಿರಲಿಲ್ಲ.

ಮನೆಯ ಮಾಲಕಿ ಪಕ್ಕದಲ್ಲೇ ಇರುವ ವಯಸ್ಸಾದ ಹೆಂಗಸು. ನಾವು ಕಾಕಿ ಎನ್ನುತ್ತಿದ್ದೆವು. ಸಂಜೆ ಹೋಗಿ ಹೇಳಿದೆ. ಆಕೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಆಕಿ ಮುಂದ ಇಟ್ಟಿದ್ದು ನನಗೂ ಗೊತ್ತೈತಿ. ನಾ ನಂಬತೇನಿ. ಓಣಿ ನಂಬಬೇಕಲ್ಲ? ಮನಿ ಉಳಿಸ್ಕೊಳ್ಳಾಕ ಸತ್ತಾಕಿ ಹೊತ್ತ ತಿದ್ದಾಕತ್ತಾಳ ಅಂತಾರ."

ನಾನು ಕೆಳಗೆ ಸಿಡಿದ ಅಡಿಕೆ ಹೋಳು ಆರಿಸಿ ತಟ್ಟೆಗೆ ಹಾಕಿದೆ.

"ಎಲ್ಲೆರೆ ಮನಿ ಸಿಕ್ತೇನು?"

"ಇಲ್ರಿ ಕಾಕಿ."

ಆಕೆ ಅಡಕತ್ತರಿ ಕೆಳಗಿಟ್ಟಳು. ಆಮೇಲೆ ಹೇಳಿದಳು. "ಮುಂದಿನ ಬಾಗಲಕ್ಕ ಕೀಲಿ ಹಾಕ್ತೇನಿ. ನೀ ನಮ್ಮ ಹಿತ್ತಲದಾಗಿಂದ ಹಿಂದಿನ ಬಾಗಲಕ್ಕ ಬಂದು ಹೋಗು. ಮುಂದಿನ ಖೋಲ್ಯಾಗ ದೀಪ ಹಚ್ಚಬ್ಯಾಡ. ಯಾರರೆ ಕೇಳಿದ್ರ ನಮ್ಮ ಮನ್ಯಾಗ ಅದಾಳ ಅಂತೇನಿ."

"ನಿಮಗ ಅಂಜಿಕಿ ಇಲ್ಲೇನ್ರಿ?"

"ಐತಿ. ಹಂಗಂತ ನಿನ್ನ ರಸ್ತಾದಾಗ ನಿಂದರಸಾಕ ಬರತೈತೇನ?"

ಹಾಗೆ ಕೀಲಿ ಬಿದ್ದ ಮನೆಯೊಳಗೆ ಉಳಿದೆ. ಕುಕ್ಕರ್ ಇಡುವುದು ಬಿಟ್ಟೆ, ಸೀಟಿ ಕೇಳಿಸುತ್ತದೆಂದು. ಒಮ್ಮೆ ಅಳು ಬಂದಾಗ ನಲ್ಲಿ ಬಿಟ್ಟು ಅತ್ತೆ. ಕೆಲವು ದಿನ ಅಕ್ಕನಿಗಿಂತ ನಾನೇ ಸತ್ತಿದ್ದೇನೆ ಅನಿಸುತ್ತಿತ್ತು. ಅವಳ ಮಾತನ್ನಾದರೂ ಓಣಿಯಲ್ಲಿ ಆಡುತ್ತಿದ್ದರು.

ಎರಡನೆಯ ತಿಂಗಳಲ್ಲಿ ಒಂದು ಮುಂಜಾನೆ ಮುಂದಿನ ಬಾಗಿಲ ಹೊರಗೆ ಒಬ್ಬ ಗಂಡಸಿನ ದನಿ ಕೇಳಿತು.

"ಮನಿ ಖಾಲಿ ಐತೇನ್ರಿ?"

"ಈಗ ಕೊಡಂಗಿಲ್ಲಪಾ. ನಕ್ಷತ್ರದ ಮನಿ" ಎಂದಳು ಕಾಕಿ.

"ಮುಗಿಯೂತನಾ ತಡೀತೇವ್ರಿ. ಹಿರೇಕೆರೂರಿಂದ ಬಂದೇವಿ, ಎಲ್ಲೂ ಸಿಗವಲ್ದು. ನಮಗ ಅಂತ ಹಿಡೀರಿ."

ಅವನ ಹೆಂಡತಿ ಕಿಟಕಿಯ ಸಂದಿಗೆ ಮುಖ ಹಚ್ಚಿದ್ದು ನೆಲದ ಮೇಲೆ ಬಿದ್ದ ನೆರಳಿನಿಂದ ಗೊತ್ತಾಯಿತು. "ದೊಡ್ಡದ ಐತಿ ನೋಡ್ರಿ. ನಮಗ ಸಾಕು" ಅಂದಳು.

ಅವರು ಹೋಗುವವರೆಗೆ ನಾನು ಕಿಟಕಿಗೆ ಕಾಣದ ಹಾಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ.