ಹಿಂಡಬಾರದಿತ್ತು

ನಿನ್ನೆ ಬಾಜೂ ಮನೆಯಲ್ಲಿ ಕೂಸಿಗೆ ನೀರೆರೆಯಲು ಔಡಲೆಣ್ಣೆ ಬೆಚ್ಚಗೆ ಮಾಡುತ್ತಿದ್ದರು. ಆ ವಾಸನೆ ಗೋಡೆ ದಾಟಿ ಬಂದದ್ದೇ ತಡ, ದಡ್ಡಿ ಊರಿನ ವೈನಿ ನೆನಪಾದರು…

ಐವತ್ತರ ದಶಕ. ನಾನು ಮದುವೆಯಾಗಿ ಆ ಊರಿಗೆ ಹೋದ ಹೊಸತು. ವೈನಿ ಪಕ್ಕದ ಮನೆಯ ಸೊಸೆ; ಅತ್ತಿಗೆಯಂತಿದ್ದುದರಿಂದ ವೈನಿ ಎನ್ನುತ್ತಿದ್ದೆ. ನನಗೆ ರೊಟ್ಟಿ ತೆಳ್ಳಗೆ ಬಡಿಯಲು ಕಲಿಸಿದವರು ಅವರೇ. ತವರಲ್ಲಿ ಯಾರೂ ಇರದ ಕಾರಣ ಅವರ ಚೊಚ್ಚಲ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಹುಟ್ಟಿದ ಕೆಲವೇ ದಿನಕ್ಕೆ ಅದರ ಎರಡೂ ಎದೆ ಊದಿ, ಹನಿ ಹಾಲು ಜಿನುಗತೊಡಗಿತು. ಎರೆಯುವಾಗೆಲ್ಲ ಅತ್ತೆ ಅದನ್ನು ಹಿಂಡುತ್ತಿದ್ದರು.

"ಸಾಕ್ರಿ ಅತ್ಯಾರ, ಕೂಸು ಚೀರಾಕತ್ತೈತಿ," ಎಂದು ವೈನಿ ಬೇಡಿದರೆ, "ಹಾಲು ತಗೀದಿದ್ರ ಗಂಟ ಆಕ್ಕೈತಿ. ಇಷ್ಟ ಮಕ್ಕಳ್ನ ಹಡದಾಕಿಗೆ ನೀ ಕಲಿಸ್ತಿಯೇನ?" ಎನ್ನುತ್ತಿದ್ದರು.

ಎಡಗಡೆ ಕೆಂಪೇರಿ ಗಟ್ಟಿಯಾಯಿತು. ಮುಟ್ಟಿದರೆ ಸುಡುತ್ತಿತ್ತು. ಬೇವಿನೆಲೆ ಅರೆದು ಮೆತ್ತಿದರು. ಸಂಕೇಶ್ವರದ ಡಾಕ್ಟರ ಕಡೆ ಹೋಗೋಣವೆಂದು ವೈನಿ ಗಂಡನನ್ನು ಅಂಗಲಾಚಿದರು. ಆತ ತಾಯಿಯ ಮುಖ ನೋಡಿದ. ಕೂಸು ಮೊಲೆ ಕುಡಿಯುವುದನ್ನೇ ಬಿಟ್ಟ ಮೇಲೆ ಚಕ್ಕಡಿ ಹೂಡಿದ. ನಾನೂ ಹೋದೆ. ಹತ್ತರಗಿಯಲ್ಲಿ ಸಂಕೇಶ್ವರದ ಮೋಟಾರು ಕಾಯುತ್ತ ಕೂತಾಗ ಕೂಸು ಅಳುವುದನ್ನೂ ನಿಲ್ಲಿಸಿತ್ತು…

ಡಾಕ್ಟರು ಕೊಯ್ದು ಕೀವು ತೆಗೆದರು, ಸೂಜಿ ಚುಚ್ಚಿದರು. "ನಂಜು ರಕ್ತಕ್ಕ ಏರೇತಿ. ಹಿಂಡಬಾರದಿತ್ರಿ. ಹಸುಗೂಸಿನ ಎದಿ ಹಿಂಗ ಊದತಾವು, ಮುಟ್ಟದ ಬಿಟ್ರ ತಾವ ಇಳೀತಾವು," ಎಂದರು.

ಮರುದಿನ ಕೂಸು ಹೋಯಿತು. ಊರಿನವರು ದೃಷ್ಟಿ ತಾಗಿತೆಂದರು. ಡಾಕ್ಟರ ಮಾತನ್ನು ವೈನಿ ಎಷ್ಟು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಮುಂದೆ ಗಂಡುಮಗು ಹುಟ್ಟಿತು. ಅದರ ಎದೆಯೂ ಊದಿತು. ಅತ್ತೆ ಎರೆಯಲು ಬಂದಾಗ ಹಸಿ ಬಾಣಂತಿ ವೈನಿ ಕೂಸನ್ನು ಎದೆಗವಚಿಕೊಂಡು ಎದ್ದು ನಿಂತರು. "ಒಂದನ್ನ ಮಣ್ಣಾಗ ಇಟ್ಟೇನ್ರಿ. ಇದಕ್ಕ ನಾನ ಎರೀತೇನಿ."

ಊದು ತಾನೇ ಇಳಿಯಿತು. ಅತ್ತೆ ಮಾತ್ರ ಓಣಿ ತುಂಬ, "ನಾ ಹರಕಿ ಹೊತ್ತಿದ್ನಿ, ಅದಕ್ಕ ಇಳೀತು," ಎಂದು ಹೇಳಿಕೊಂಡು ಬಂದರು. ನನಗೆ ಮೈಯೆಲ್ಲ ಉರಿಯಿತು. ವೈನಿ, "ಇರಲಿ ಬಿಡವಾ, ಕೂಸು ಉಳೀತಲ್ಲ," ಎಂದರು. ಅವರಷ್ಟು ತಾಳ್ಮೆ ನನಗೆ ಎಂದೂ ಬರಲಿಲ್ಲ.

ನಿನ್ನೆ ತಡೆಯಲಾರದೆ ಬಾಜೂ ಮನೆಗೆ ಹೋದೆ. ಕೂಸಿನ ಅಜ್ಜಿ ಕಾಲು ಚಾಚಿ, ಅದನ್ನು ಮಲಗಿಸಿಕೊಂಡು ಎದೆ ಹಿಂಡುತ್ತಿದ್ದಳು. ಬೇಡವೆಂದೆ. "ಮೊದಲಿಂದ ಮಾಡ್ಕೊಂತ ಬಂದೇವ್ರಿ," ಎಂದಳು. ಕೂಸನ್ನು ಎತ್ತಿ ಅದರ ತಾಯಿಯ ಕೈಗಿತ್ತು, ಕಾರಣ ಹೇಳಿ ಬಂದೆ. ಇವತ್ತು ಆ ಅಜ್ಜಿ ನನ್ನ ಕಂಡು ಮುಖ ತಿರುಗಿಸಿದಳು. ಹೇಳಿಕೊಳ್ಳೋಣವೆಂದರೆ ವೈನಿ ಹೋಗಿ ಎಷ್ಟೋ ವರ್ಷವಾಯಿತು…