ಅವ್ವನಿಗೆ ಕೊಟ್ಟ ಹಸಿವು

ರಾತ್ರಿ ಒಂದು ಗಂಟೆ ನಲವತ್ತು ನಿಮಿಷ. ಮೊಬೈಲ್ ನೋಡಿದ್ದು ಚೆನ್ನಾಗಿ ನೆನಪಿದೆ. ನನಗೆ ಎಚ್ಚರವಾದದ್ದು ಸದ್ದಿಗಲ್ಲ, ರುಚಿಗೆ. ಬಾಯಿ ತುಂಬ ಹಸಿಮಣ್ಣಿನ ರುಚಿ...

ನೀವು ನಂಬದಿದ್ದರೂ ನನಗೆ ಬೇಸರವಿಲ್ಲ, ಆದರೆ ಇದರಲ್ಲಿ ನಾನು ಕಟ್ಟಿದ ಮಾತು ಒಂದೂ ಇಲ್ಲ. ನಾನು ಬಿ.ಎಸ್ಸಿ. ಓದಿದವಳು. ಸಿಂಧನೂರಿನ ಒಂದು ಲ್ಯಾಬಿನಲ್ಲಿ ಕೆಲಸ. ದಿನವಿಡೀ ಬೇರೆಯವರ ರಕ್ತ, ಕಫ, ಮಲ ನೋಡುತ್ತೇನೆ. ಅಸಹ್ಯ ಅನ್ನುವುದು ನನ್ನ ಹತ್ತಿರ ಸುಳಿಯುವುದಿಲ್ಲ ಅಂದುಕೊಂಡಿದ್ದೆ. ಈಗ ಊಟದ ಡಬ್ಬಿಯನ್ನೂ ಎರಡು ಸಲ ಮೂಸಿ ನೋಡಿಯೇ ತೆಗೆಯುತ್ತೇನೆ.

ಅವತ್ತು ಎದ್ದು ಹೋಗಿ ಬಚ್ಚಲಲ್ಲಿ ಉಗುಳಿದೆ. ಬರೀ ಬಿಳಿ ಎಂಜಲು. ಆದರೂ ಹಲ್ಲಿನ ನಡುವೆ ಮರಳು ಕರಕರ ಅನ್ನುತ್ತಿತ್ತು. ತಿರುಗಿ ನೋಡಿದರೆ ಅವ್ವನ ಹಾಸಿಗೆ ಖಾಲಿ.

ಹಿತ್ತಲಿನಿಂದ ಸದ್ದು... ಕೆರ್... ಕೆರ್...

ಅವ್ವ ಕೊಟ್ಟಿಗೆಯ ಮಣ್ಣಿನ ಗೋಡೆಗೆ ಮುಖ ಹಚ್ಚಿ ಕೂತಿದ್ದಳು. ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ನುಂಗಿದಳು. ನನ್ನ ಗಂಟಲಲ್ಲಿ ಉಂಡೆ ಇಳಿಯಿತು.

"ಅವ್ವಾ, ಏನ್ ಮಾಡಾಕತ್ತೀ?"

"ಹಸಿವಾಗೇತಿ ಶರಣಿ," ಅಂದಳು, ನಾಚಿಕೊಂಡು. "ನಿನ್ನ ಎಬ್ಬಿಸಬಾರದಂತ ಇಲ್ಲಿ ಬಂದೆ."

ವಾರದ ಹಿಂದೆ ಇದೇ ಅವ್ವ ಸಾಯುವ ಹಾಗಿದ್ದಳು. ತುರ್ವಿಹಾಳದ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರು, ಜೊತೆಗೆ ಗಬ್ಬದ ಒಂದು ಎಮ್ಮೆ. ಅವ್ವನಿಗೆ ಟೈಫಾಯ್ಡ್ ಬಂದು ಹೋಗಿತ್ತು, ಊಟ ಮಾತ್ರ ಸೇರುತ್ತಿರಲಿಲ್ಲ. ಗಂಜಿಯ ವಾಸನೆಗೇ ಮುಖ ತಿರುವುತ್ತಿದ್ದಳು. ಸಲೈನ್ ಹಚ್ಚಿದ ಡಾಕ್ಟರು, "ಹೊಟ್ಟೆಗೆ ಏನೂ ಹೋಗದಿದ್ದರೆ ಉಳಿಯೋದು ಕಷ್ಟಮ್ಮ," ಅಂದಿದ್ದರು.

ಆಗ ಗುರುಗುಂಟಾದಿಂದ ದೊಡ್ಡವ್ವ ಬಂದಳು, ಅವ್ವನ ಅಕ್ಕ. ನಮ್ಮ ಟ್ರಂಕಿನ ತಳದಿಂದ ಕಪ್ಪಾದ ಬೆಳ್ಳಿ ತಾಯತ ತೆಗೆದಳು. ಚಿಕ್ಕಂದಿನಲ್ಲಿ ನನ್ನ ಉಡದಾರಕ್ಕೆ ಕಟ್ಟಿದ್ದಂತೆ. ಬಿಚ್ಚಿದರೆ ಒಳಗೆ ಒಣಗಿದ ಕರಿ ತುಂಡು, ಹಳೇ ಹುಣಸೆಹಣ್ಣಿನ ಹಾಗೆ.

"ನಿನ್ನ ಹೊಕ್ಕಳ ಬಳ್ಳಿ. ಕೂಸಿಗೆ ಹಸಿವು ಆಗದಿದ್ರ ಇದನ್ನ ತೇದು ನಾಲಿಗಿಗೆ ಹಚ್ತಾರ."

"ನನ್ನ ಮಾರ್ಕ್ಸ್ ಕಾರ್ಡ್ ಇಲಿಗೆ ಹಾಕೀರಿ, ಇದನ್ನ ಮಾತ್ರ ಜ್ವಾಕಿ ಮಾಡೀರಿ," ಅಂದೆ ನಾನು.

"ಮಾರ್ಕ್ಸ್ ಕಾರ್ಡ್ ತೇದ್ರ ಹಸಿವು ಬರ್ತೈತೇನಬೇ?" ದೊಡ್ಡವ್ವ ನಕ್ಕಳು.

"ಹಂಗಾದ್ರ ಅವ್ವಗ ಕುಡಿಸೋಣ," ಅಂದೆ. ದೊಡ್ಡವ್ವನ ನಗು ನಿಂತಿತು.

"ಕೂಸಿಂದು ಕೂಸಿಗೇ. ತಾಯಿಗೆ ಕುಡಿಸಿದ್ದು ನಾ ಎಲ್ಲೂ ಕಂಡಿಲ್ಲ."

"ಅವ್ವನ ಹೊಟ್ಟಿಯಿಂದ ನನಗ ಅನ್ನ ಬಂದ ಹಾದಿ ಅಲ್ಲೇನು ಇದು? ಈಗ ತಿರುಗಿ ಹೋಗಲಿ ಬಿಡು."

ದೊಡ್ಡವ್ವ ತಂಗಿಯ ಮುಖ ನೋಡಿದಳು. ಮೆಲ್ಲಗೆ ಅಂದಳು, "ತೇಯುವಾಗ ಏನು ಬೇಕೋ ಬಾಯಿಬಿಟ್ಟು ಕೇಳಬೇಕು. ನೋಡಿ ಕೇಳು."

ನಾನು ನೋಡದೆ ಕೇಳಿದೆ. ಕಲ್ಲಿನ ಮೇಲೆ ಹನಿ ನೀರು ಹಾಕಿ ತೇಯುತ್ತ, "ನನ್ನ ಹಸಿವೆಲ್ಲ ಅವ್ವಗ ಹೋಗಲಿ," ಅಂದುಬಿಟ್ಟೆ. ತೇದದ್ದನ್ನು ಅವ್ವನಿಗೆ ಕುಡಿಸಿ, ಉಳಿದ ತುಂಡನ್ನು ಮತ್ತೆ ತಾಯತದಲ್ಲಿಟ್ಟೆ.

ಸಂಜೆಗೇ ಅವ್ವ ರೊಟ್ಟಿ ಕೇಳಿದಳು. ಮರುದಿನ ಬುಟ್ಟಿ ಖಾಲಿ ಮಾಡಿದಳು. ದೊಡ್ಡವ್ವ ಕಣ್ಣೊರೆಸಿಕೊಂಡು ಊರಿಗೆ ಹೋದಳು. ನನಗೆ ಊಟ ಬೇಡವಾಗಿತ್ತು. ಖುಷಿಗೆ ಹೀಗಾಗಿರಬೇಕು ಅಂದುಕೊಂಡೆ...

ಮಣ್ಣಿನ ರಾತ್ರಿಯಾದ ಮೇಲೆ ಎಲ್ಲ ರಾತ್ರಿಯೂ ಹಾಗೇ. ಕತ್ತಲಲ್ಲಿ ಮಲಗಿದ್ದಲ್ಲೇ ಅವ್ವ ಏನು ತಿನ್ನುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಎಮ್ಮೆಯ ಹಿಂಡಿ. ಒಲೆಯ ಬೂದಿ. ಒಮ್ಮೆ ಏನೋ ಸಣ್ಣದು, ಕಾಲುಗಳಿದ್ದದ್ದು, ಬಾಯಲ್ಲಿ ಇನ್ನೂ ಆಡುತ್ತಿದ್ದದ್ದು... ಹಗಲು ನಾನು ತುತ್ತು ಬಾಯಿಗಿಟ್ಟರೆ ಹಾಗೇ ವಾಂತಿ. ಲ್ಯಾಬಿನಲ್ಲಿ ನನ್ನ ರಕ್ತ ನಾನೇ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಕೈಯ ಬಳೆ ಮಾತ್ರ ಮೊಣಕೈವರೆಗೆ ಜಾರುತ್ತಿತ್ತು.

ಒಂದು ರಾತ್ರಿ ಎಮ್ಮೆ ಈಯಿತು. ಕರುವಿನ ಹಿಂದೆ ಬಿದ್ದ ಮಾಸನ್ನು, ಕರು ಹೊಟ್ಟೆಯೊಳಗಿದ್ದ ಆ ರಕ್ತದ ಚೀಲವನ್ನು, ಬೆಳಗಾದ ಮೇಲೆ ದೂರದ ಮರಕ್ಕೆ ಕಟ್ಟಿದರಾಯಿತು ಅಂತ ಬುಟ್ಟಿಯಲ್ಲಿ ಮುಚ್ಚಿಟ್ಟು ಮಲಗಿದೆ.

ಬಾಯಿಗೆ ಬೆಚ್ಚಗೆ ಏನೋ ಬಂತು. ಲೋಳೆ... ತುಕ್ಕು ಹಿಡಿದ ಕಬ್ಬಿಣದ ವಾಸನೆ... ಹಲ್ಲಿಗೆ ಸಿಕ್ಕು ರಬ್ಬರಿನಂತೆ ಹಿಗ್ಗುತ್ತಿತ್ತು, ಹರಿಯುತ್ತಿರಲಿಲ್ಲ. ಉಸಿರು ಕಟ್ಟಿತು. ಬಾಯೊಳಗೆ ಬೆರಳು ಹಾಕಿದೆ. ಏನೂ ಇಲ್ಲ. ಆದರೂ ಅದು ಇಳಿಯುತ್ತಲೇ ಇತ್ತು.

ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋದೆ. ಬುಟ್ಟಿ ಬೋರಲು ಬಿದ್ದಿತ್ತು. ಅವ್ವನ ಗದ್ದ ಬಲ್ಬಿನ ಬೆಳಕಿಗೆ ಹೊಳೆಯುತ್ತಿತ್ತು. ಎಮ್ಮೆ ಮೂಲೆಗೆ ಸರಿದು, ಕರುವನ್ನು ಹಿಂದೆ ಹಾಕಿಕೊಂಡು ನಿಂತಿತ್ತು. ಅವ್ವ ಕರುವನ್ನೇ ನೋಡುತ್ತಿದ್ದಳು.

ಅಲ್ಲೇ ಬಿದ್ದೆ.

ಕಣ್ಣು ಬಿಟ್ಟಾಗ ನನ್ನ ತಲೆ ಅವ್ವನ ತೊಡೆಯ ಮೇಲಿತ್ತು. ಆ ನಾತದ ಕೈಯಿಂದಲೇ ನನ್ನ ಪಕ್ಕೆಲುಬು ಸವರುತ್ತಿದ್ದಳು.

"ಯಾವಾಗ ಉಂಡೀ?"

ಎಲ್ಲ ಹೇಳಿದೆ. ತಾಯತದ್ದು, ನಾನು ಕೇಳಿದ್ದು, ರಾತ್ರಿಯ ರುಚಿಗಳು. ಅವ್ವನ ಕೈ ನಿಂತಿತು.

"ಅಂದ್ರ ಇದು ನಿನ್ನ ಹಸಿವಾ?" ಅಂದಳು. ಸೆರಗಿನಿಂದ ತನ್ನ ಬಾಯಿಯನ್ನು ಬಿಗಿಯಾಗಿ ಕಟ್ಟಿಕೊಂಡು, ಬೆಳಗಿನವರೆಗೆ ಕಂಬ ತಬ್ಬಿ ಕೂತಳು. ಬಟ್ಟೆಯ ಹಿಂದೆ ದವಡೆ ಆಡುತ್ತಲೇ ಇತ್ತು.

ಫೋನ್ ಮಾಡಿದ್ದಕ್ಕೆ ದೊಡ್ಡವ್ವ ಮೊದಲ ಬಸ್ಸಿಗೇ ಬಂದಳು. ಅವ್ವನ ಕಟ್ಟಿದ ಬಾಯಿಯನ್ನೂ ನನ್ನ ಸೊರಗಿದ ಕೈಗಳನ್ನೂ ನೋಡಿದಳು.

"ಕೊಟ್ಟಾಕಿ ಕೇಳಿದ್ರ ಬರೂದಿಲ್ಲ. ತಗೊಂಡಾಕಿ ಬಿಡಬೇಕು. ಆದ್ರ ತಂಗಿ, ನೀ ಬಿಟ್ಟಿ ಅಂದ್ರ ಮತ್ತ ಮೊದಲಿನಂಗ..."

ಅವ್ವ ಬಟ್ಟೆ ಸರಿಸಿದಳು. "ಸಾಯೂದು ಬಂದ್ರ ಬರಲಿ. ತಾಯತ ತಾ ಅಕ್ಕಾ."

ತಾಯತ ಬಿಚ್ಚಿದಾಗ ಮೂವರೂ ಮೂಗು ಮುಚ್ಚಿಕೊಂಡೆವು. ಇಷ್ಟು ವರ್ಷ ಒಣಗಿದ್ದ ತುಂಡು ಮೆತ್ತಗಾಗಿತ್ತು. ತುದಿ ಕೆಂಪಗೆ, ಒದ್ದೆಯಾಗಿ, ಈಗಷ್ಟೇ ಕತ್ತರಿಸಿದ ಹಾಗೆ. ಎಮ್ಮೆಯ ಬುಟ್ಟಿಯದೇ ವಾಸನೆ. ಅವ್ವ ಅದನ್ನು ಕಲ್ಲಿಗೆ ಒತ್ತಿದಳು. ಪಿಚಕ್ ಅಂತು. "ಮಗಳದು ಮಗಳಿಗೆ ಹೋಗಲಿ," ಅಂದಳು.

ಬಟ್ಟಲಿನದು ಬೆಚ್ಚಗಿತ್ತು. ಕಣ್ಣುಮುಚ್ಚಿ ಕುಡಿದೆ. ಒಮ್ಮೆ ಮೇಲೆ ಬಂತು, ಮತ್ತೆ ನುಂಗಿದೆ.

ಅವತ್ತು ಗುರುವಾರ. ದೊಡ್ಡವ್ವ ಸಂಜೆಯ ಬಸ್ಸಿಗೆ ಊರಿಗೆ ಹೋದಳು. ರಾತ್ರಿ ನಾವಿಬ್ಬರೂ ಒಮ್ಮೆಯೂ ಎಚ್ಚರಾಗದೆ ಮಲಗಿದೆವು. ಬಾಯಲ್ಲಿ ಯಾವ ರುಚಿಯೂ ಬರಲಿಲ್ಲ.

ಬೆಳಿಗ್ಗೆ ಎದ್ದಾಗ ನನಗೆ ಹಸಿವಾಗಿತ್ತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಬಿಸಿ ರೊಟ್ಟಿ ಮುರಿದು ತಿಂದೆ, ಅಳು ಬಂತು. ತಲೆಯೆತ್ತಿದರೆ ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲು ಆಡುತ್ತಿತ್ತು. ಅವಳ ತಟ್ಟೆ ತೊಳೆದಿಟ್ಟಂತೆಯೇ ಇತ್ತು.

"ನೀ ತಿನ್ನೂದಿಲ್ಲೇನವ್ವಾ?"

ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ನೀ ತಿನ್ನು ಶರಣಿ," ಅಂದಳು. "ನನಗಿನ್ನೂ ಹೊಟ್ಟಿ ತುಂಬಿಲ್ಲ."