ಪಿಂಗಾಣಿ ತಟ್ಟೆಯ ನೀರು

ಇವತ್ತು ಗಂಡನ ಆಫೀಸಿನವರು ಊಟಕ್ಕೆ ಬರುವವರಿದ್ದರು. ಬೆಳಿಗ್ಗೆಯಿಂದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಬೆರಳಿಗೆ ಸೊಗಡು ಹತ್ತಿದ್ದೇ ತಡ, ಗುಬ್ಬಿಯ ನಮ್ಮ ಬಾಡಿಗೆ ಮನೆ ಕಣ್ಣೆದುರು ಬಂತು.

ಅಪ್ಪ ಅಲ್ಲಿ ಗುಮಾಸ್ತ. ಒಂದು ಚಳಿಗಾಲ ತನ್ನ ಸಾಹೇಬರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದ. ಪಕ್ಕದ ಮನೆಯಿಂದ ಮೇಜು ಬಂತು. ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟು, ಅಮ್ಮನ ಟ್ರಂಕಿನೊಳಗಿದ್ದ ಪಿಂಗಾಣಿ ತಟ್ಟೆಗಳು. ಹಾಗಲವಾಡಿಯಿಂದ ಅಜ್ಜ, ಅಪ್ಪನ ಅಪ್ಪ, ಅವರೆಕಾಯಿ ಚೀಲ ಹೊತ್ತು ಬಂದಿದ್ದ. ಮಧ್ಯಾಹ್ನವೆಲ್ಲ ನನ್ನನ್ನು ಪಕ್ಕ ಕೂರಿಸಿಕೊಂಡು, "ಉಗುರು ತಾಗಿಸ್ಬ್ಯಾಡ ಕಣವ್ವ, ಬೇಳೆ ಒಡೀತದೆ" ಅನ್ನುತ್ತಾ ಹಿತುಕುವುದನ್ನು ಕಲಿಸಿದ.

ಊಟ ಮುಗಿಯುವಾಗ ಅಜ್ಜ ಎಂದಿನಂತೆ ತಟ್ಟೆಗೆ ನೀರು ಸುರಿದು, ಬೆರಳಾಡಿಸಿ, ಅಗುಳೊಂದೂ ಉಳಿಯದಂತೆ ಕುಡಿದ. ಉಣ್ಣುವ ಅನ್ನವೆಲ್ಲ ಪ್ರಸಾದ, ಚೆಲ್ಲಬಾರದೆಂಬುದು ನಮ್ಮ ಮನೆಯ ಪದ್ಧತಿ. ಅಪ್ಪನೂ ದಿನಾ ಹಾಗೇ ಮಾಡುತ್ತಿದ್ದ. ಸಾಹೇಬರ ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು.

"ಇವರು ಯಾರು, ಹೇಳ್ಲೇ ಇಲ್ವಲ್ಲ?" ಅಂದರು ಸಾಹೇಬರು.

"ಊರ ಕಡೆಯವ್ರು ಸಾರ್. ಅವರೆಕಾಯಿ ತಂದಿದ್ರು" ಅಂದ ಅಪ್ಪ, ತನ್ನ ತಟ್ಟೆಯನ್ನು ಹಾಗೇ ಬಿಟ್ಟು ಎದ್ದ.

ನಾನು ತುಪ್ಪದ ಬಟ್ಟಲು ಹಿಡಿದು ನಿಂತಿದ್ದೆ. ಅಳು ಬರಲಿಲ್ಲ, ಏನೂ ಅನ್ನಿಸಲೂ ಇಲ್ಲ. ಅಜ್ಜ ತಟ್ಟೆ ಒರೆಸಿಟ್ಟು, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಯ್ತೀನಿ ಕಣವ್ವ" ಎಂದು ಅಮ್ಮನಿಗೆ ಹೇಳಿದ. ಮತ್ತೆ ಆ ಮನೆಗೆ ಬರಲಿಲ್ಲ.

ಇವತ್ತು ಬಂದವರು ಹಿತುಕಿದ ಬೇಳೆ ಸಾರನ್ನು ಎರಡೆರಡು ಸಲ ಬಡಿಸಿಕೊಂಡರು. "ಒಂದು ಬೇಳೆನೂ ಒಡೆದಿಲ್ಲ, ಹಿತುಕೋದು ಯಾರು ಕಲಿಸಿದ್ದು ಮೇಡಂ?" ಎಂದು ಕೇಳಿದರು.

"ಊರ ಕಡೆಯವ್ರೊಬ್ರು" ಅಂದೆ.